ಹುಂಜದ ಜುಟ್ಟು, ವಿದೂಷಕನ ಟೊಪ್ಪಿಗೆ

ಪ್ರಶ್ನೆ: ವಿಮರ್ಶಕ ರಸ್ಕಿನ್ ಚಿತ್ರಕಾರ ವಿಸ್ಲರನನ್ನು ‘ಕಾಕ್ಸ್‌ಕೋಮ್’ ಎಂದು ಜರೆದದ್ದಾಗಿ ಓದಿದೆ. ನನ್ನಲ್ಲಿರುವ ನಿಘಂಟಿನಲ್ಲಿ ಈ ಪದಕ್ಕೆ ‘ಅಹಂಕಾರಿ’ ಎಂಬ ಅರ್ಥವಿದೆ. ಇದಕ್ಕೂ ಕೋಳಿಗೂ ಸಂಬಂಧ ಉಂಟೇ? ಕನ್ನಡದಲ್ಲಿ ಏನೆನ್ನಬಹುದು?
– ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಸಂಬಂಧ ಉಂಟು, ಆದರೆ ಕೋಳಿಗೂ ಮನುಷ್ಯನಿಗೂ ನಡುವೆ ಒಂದು ಟೊಪ್ಪಿಗೆ ಇದೆ. ‘ಕಾಕ್’ ಎಂದರೆ ಹುಂಜ, ‘ಕೋಮ್’ ಎಂದರೆ ಅದರ ನೆತ್ತಿಯ ಕೆಂಪು ಜುಟ್ಟು. ಹಲ್ಲುಹಲ್ಲಾಗಿ ಕಾಣುವುದರಿಂದಲೇ ಇರಬೇಕು, ತಲೆ ಬಾಚುವ ಹಣಿಗೆಗೂ ಈ ಜುಟ್ಟಿಗೂ ಇಂಗ್ಲಿಷಿನಲ್ಲಿ ಒಂದೇ ಹೆಸರು. (ಕೊನೆಯ ‘ಬಿ’ ಅಕ್ಷರ ಬರಹದಲ್ಲಿ ಮಾತ್ರ ಉಂಟು, ಉಚ್ಚಾರಣೆಯಲ್ಲಿ ಇಲ್ಲ.) ಹಿಂದೆ ಇಂಗ್ಲೆಂಡಿನಲ್ಲಿ ವಿದೂಷಕರು ಹುಂಜದ ಜುಟ್ಟನ್ನು ಹೋಲುವ ಟೊಪ್ಪಿಗೆಯನ್ನು ತೊಡುತ್ತಿದ್ದರು; ಆ ಟೊಪ್ಪಿಗೆಗೂ ಅದೇ ಹೆಸರು ಬಂತು. ಷೇಕ್ಸ್‌ಪಿಯರನ ‘ಕಿಂಗ್ ಲಿಯರ್’ ನಾಟಕದಲ್ಲಿ, ರಾಜ್ಯವನ್ನೆಲ್ಲ ಹೆಣ್ಣುಮಕ್ಕಳಿಗೆ ಕೊಟ್ಟು ಬರಿಗೈಯಾದ ಅರಸನ ಬಳಿ ಊಳಿಗಕ್ಕೆ ನಿಲ್ಲಲು ಬಂದ ಕೆಂಟನಿಗೆ, ನನ್ನ ಟೊಪ್ಪಿಗೆ ನಿನಗೇ ಇರಲಿ ಎಂದು ವಿದೂಷಕನು ಚುಚ್ಚುವ ಕಡೆ ಬರುವುದು ಈ ಪದವೇ. ಟೊಪ್ಪಿಗೆಯ ಹೆಸರು ಅದನ್ನು ತೊಟ್ಟ ತಲೆಗೂ, ಆ ತಲೆಯ ಪೆದ್ದನಿಗೂ ಅಂಟಿ, ಕ್ರಮೇಣ ಉಡುಪನ್ನೂ ವಿದ್ಯೆಯನ್ನೂ ಮೆರೆಸುತ್ತ ತನ್ನ ಪೆದ್ದುತನವನ್ನು ತಾನೇ ಅರಿಯದ ಶೋಕಿಲಾಲನಿಗೆ ಬಂದು ನಿಂತಿತು.

ನೀವು ಓದಿರುವ ಪ್ರಸಂಗ 1877ರದು. ಲಂಡನ್ನಿನ ಗ್ರೋವ್ನರ್ ಗ್ಯಾಲರಿಯಲ್ಲಿ, ಇರುಳ ಬಾನಿನಲ್ಲಿ ಬಾಣಬಿರುಸು ಉದುರುವ ವಿಸ್ಲರನ ಚಿತ್ರವನ್ನು ಕಂಡ ರಸ್ಕಿನ್, ಜನರ ಮುಖಕ್ಕೆ ಒಂದು ಕುಡಿಕೆ ಬಣ್ಣ ಎರಚಿ ಇನ್ನೂರು ಗಿನಿ ಕೇಳುವ ಕಾಕ್ಸ್‌ಕೋಮ್ ಎಂದು ಬರೆದನು. ವಿಸ್ಲರ್ ಮಾನನಷ್ಟದ ದಾವೆ ಹೂಡಿ 1878ರಲ್ಲಿ ಗೆದ್ದನಾದರೂ ಕೈಗೆ ಬಂದ ಪರಿಹಾರ ಒಂದು ಫಾರ್ದಿಂಗ್, ಅಂದರೆ ಪೆನ್ನಿಯ ಕಾಲುಭಾಗ. ಖರ್ಚು ಮೈಮೇಲೆ ಬಿದ್ದು ಮರುವರ್ಷ ಅವನು ದಿವಾಳಿಯಾದನು.

‘ಅಹಂಕಾರಿ’ ಎಂಬುದು ಈ ಪದಕ್ಕೆ ಭಾರವಾಯಿತು ಎಂದು ನನಗೆ ತೋರುತ್ತದೆ. ರಾವಣನೂ ದುರ್ಯೋಧನನೂ ಅಹಂಕಾರಿಗಳೇ, ಆದರೆ ಅವರನ್ನು ಕಂಡು ಯಾರೂ ನಗುವುದಿಲ್ಲ. ಅಂತಃಪುರದ ಹೆಂಗಸರ ಎದುರು ಕೌರವಸೇನೆಯನ್ನೇ ಗೆಲ್ಲುವೆನೆಂದು ಕೊಚ್ಚಿಕೊಂಡು, ಸೇನೆ ಕಣ್ಣಿಗೆ ಬಿದ್ದೊಡನೆ ರಥದಿಂದ ಧುಮುಕಿ ಓಡಿದ ಉತ್ತರಕುಮಾರನನ್ನು ಕಂಡರೆ ನಗು ಬರುತ್ತದೆ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ಹುಟ್ಟಿದ್ದೇ ಆ ನಗುವಿನಿಂದ. ಕಾಕ್ಸ್‌ಕೋಮ್‌ನಲ್ಲಿ ಈ ನಗು ಇರಲೇಬೇಕು. ಆದ್ದರಿಂದ ನಮ್ಮ ‘ಜಂಬದ ಕೋಳಿ’ಯೇ ಇದಕ್ಕೆ ಹತ್ತಿರ. ನಮಗೆ ಟೊಪ್ಪಿಗೆಯ ಸುತ್ತುದಾರಿ ಬೇಕಾಗಲಿಲ್ಲ. ಕತ್ತು ನಿಗುರಿಸಿ, ಎದೆ ಉಬ್ಬಿಸಿ, ಒಂದೊಂದೇ ಕಾಲನ್ನು ಎತ್ತಿಡುತ್ತ ಹಿತ್ತಿಲಿನಲ್ಲಿ ತಿರುಗುವ ಹುಂಜವನ್ನು ನೋಡಿದ್ದೇ ಸಾಕಾಯಿತು. ಆದರೆ ‘ಜಂಬದ ಕೋಳಿ’ಯನ್ನು ನಾವು ಮನೆಯ ಮಕ್ಕಳಿಗೂ ಮುದ್ದಿನಿಂದ ಅನ್ನುವುದುಂಟು. ರಸ್ಕಿನ್ನನ ಮಾತಿನಲ್ಲಿ ಮುದ್ದು ಇರಲಿಲ್ಲವಾದ ಕಾರಣ, ಆ ವಾಕ್ಯವನ್ನು ಅನುವಾದಿಸುವುದಾದರೆ ‘ಒಣಜಂಬದ ಪೆದ್ದ’ ಎಂದೇ ಬರೆಯಿರಿ.