ಹಕ್ಕಿ ಎಷ್ಟು ದೂರದಲ್ಲಿ ಕೂರುತ್ತದೆ?

ಪ್ರಶ್ನೆ: ನನ್ನ ಹತ್ತಿರ 150–600 ಎಂಎಂ ಲೆನ್ಸ್ ಇದೆ. ಮರದ ನೆರಳಲ್ಲಿ ಕೂತ ಹಕ್ಕಿಗಳೆಲ್ಲ ಕಪ್ಪಾಗಿ ಬರುತ್ತವೆ. ಅದಕ್ಕೇ ಒಂದು ಫ್ಲ್ಯಾಶ್ ಕೊಳ್ಳಬೇಕು ಅಂತಿದ್ದೇನೆ. ಒಂದರ ಗೈಡ್ ನಂಬರ್ (ಫ್ಲ್ಯಾಶಿನ ಶಕ್ತಿ ಹೇಳುವ ಅಂಕಿ) 60, ಇನ್ನೊಂದರದ್ದು 34.5. ಮೊದಲನೆಯದರ ಬೆಳಕು ಜಾಸ್ತಿ ದೂರ ಹೋಗುತ್ತದೆ ಅಂತ ಅಲ್ವಾ ಅರ್ಥ?

ಉತ್ತರ: ಹಾಗೆ ಹೇಳಲಾಗದು. ಆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಡಿ. ಕ್ಯಾನನ್ 600ಇಎಕ್ಸ್‌ಗೆ 60 ಅಂತ ಹಾಕುವುದು ಫ್ಲ್ಯಾಶಿನ ತಲೆಯನ್ನು 200 ಎಂಎಂ ಝೂಮ್‌ಗೆ ಇಟ್ಟಾಗ. ನಿಕಾನ್ ಎಸ್‌ಬಿ-5000ಕ್ಕೆ 34.5 ಅಂತ ಹಾಕುವುದು 35 ಎಂಎಂನಲ್ಲಿ. ಒಂದರಲ್ಲಿ ಬೆಳಕು ಕಿರಿದಾಗಿ ದೂರ ಹೋಗುತ್ತದೆ, ಇನ್ನೊಂದರಲ್ಲಿ ಅಗಲವಾಗಿ ಹರಡುತ್ತದೆ. ಎರಡೂ ಒಂದೇ ಝೂಮ್‌ನಲ್ಲಿದ್ದಾಗಿನ ಅಂಕಿ ಹುಡುಕಿ, ಆಮೇಲೆ ಹೋಲಿಸಿ. ನಮಗೆ ಬೇಕಾದದ್ದು 200ರ ಅಂಕಿ. ಹಕ್ಕಿ ತೆಗೆಯುವವರು ಅಗಲದ ಬೆಳಕನ್ನು ಇಟ್ಟುಕೊಂಡು ಏನು ಮಾಡುವುದು?

ಈಗ ನಿಮ್ಮ ಲೆನ್ಸಿಗೆ ಲೆಕ್ಕ ಹಾಕೋಣ. 600 ಎಂಎಂನಲ್ಲಿ ಅದರ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿಯ ಅಳತೆ, ಎಫ್/6.3 ಇರಬಹುದು. ಗೈಡ್ ನಂಬರ್ 60 ಅನ್ನು 6.3ರಿಂದ ಭಾಗಿಸಿದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100ರಲ್ಲಿ ಬೆಳಕು ಮುಟ್ಟುವ ದೂರ ಸುಮಾರು ಒಂಬತ್ತೂವರೆ ಮೀಟರ್. ಐಎಸ್‌ಒ 400ಕ್ಕೆ ಏರಿಸಿದರೆ ದೂರ ಎರಡರಷ್ಟು, ಅಂದರೆ 19 ಮೀಟರ್. ಇದು ಫ್ಲ್ಯಾಶ್ ಒಂದೇ ಪೂರ್ತಿ ಬೆಳಕು ಕೊಡಬೇಕಾದಾಗಿನ ಮಾತು. ಆದರೆ ನಿಮಗೆ ಪೂರ್ತಿ ಬೆಳಕು ಬೇಕಾಗಿಲ್ಲ.

ನಾನು ಫ್ಲ್ಯಾಶ್ ಹಿಡಿದದ್ದೇ ಕಾಜಾಣದಿಂದ. ಆ ಹಕ್ಕಿಯ ಮೈಯೂ ಕಪ್ಪು, ಕೂರುವ ಜಾಗವೂ ನೆರಳು. ಅದರ ಕಡುಗೆಂಪು ಕಣ್ಣು ಫೋಟೋದಲ್ಲಿ ಕಾಣಲೇಬೇಕು ಅಂತ ಹಟ ನನಗೆ. ಮೊದಲ ದಿನ ಫುಲ್ ಪವರ್ ಇಟ್ಟು ತೆಗೆದೆ. ಹಿಂದಿನ ಎಲೆಗಳೆಲ್ಲ ಕತ್ತಲಾಗಿ, ಹಕ್ಕಿ ಮಾತ್ರ ಕತ್ತರಿಸಿ ಅಂಟಿಸಿದ ಹಾಗೆ ಬಂತು. ಮರುದಿನ ಎಕ್ಸ್‌ಪೋಶರನ್ನು ಅಲ್ಲಿದ್ದ ಬೆಳಕಿಗೇ ಹೊಂದಿಸಿ, ಫ್ಲ್ಯಾಶನ್ನು ಎರಡು ಸ್ಟಾಪ್ ಇಳಿಸಿದೆ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ). ಆಗ ಎಲೆ ಎಲೆಯಾಗೇ ಉಳಿಯಿತು, ರೆಕ್ಕೆಯ ನೀಲಿ ಹೊಳಪು ಕಂಡಿತು, ಕಣ್ಣಲ್ಲಿ ಒಂದು ಚುಕ್ಕೆ ಬೆಳಕು ಮೂಡಿತು. ಅವತ್ತಿನಿಂದ ನಾನು ಮೈನಸ್ ಒಂದೂವರೆ, ಮೈನಸ್ ಎರಡರ ಆಚೀಚೆ ಹೋಗಿದ್ದು ಕಡಿಮೆ. ಎರಡು ಸ್ಟಾಪ್ ಇಳಿಸಿದರೆ ಕಾಲು ಭಾಗ ಬೆಳಕು ಸಾಕು. ಅಂದರೆ ಅದೇ ಫ್ಲ್ಯಾಶ್ ಎರಡರಷ್ಟು ದೂರ ಮುಟ್ಟುತ್ತದೆ.

ಇದರಲ್ಲಿ ಒಂದು ತೊಡಕಿದೆ. ಸಾಮಾನ್ಯ ಫ್ಲ್ಯಾಶ್ ಕೆಲಸ ಮಾಡುವುದು ಸೆಕೆಂಡಿನ 1/200 ಅಥವಾ 1/250ರ ತನಕ. ಅದಕ್ಕಿಂತ ವೇಗದ ಶಟರ್ ಬೇಕಾದರೆ ಹೈ ಸ್ಪೀಡ್ ಸಿಂಕ್ ಹಾಕಬೇಕು. ಅದು ಬೆಳಕನ್ನು ಚೂರು ಚೂರಾಗಿ ಬಿಡುವುದರಿಂದ ಶಕ್ತಿ ಕಾಲು ಭಾಗಕ್ಕೋ ಅದಕ್ಕಿಂತ ಕೆಳಗೋ ಇಳಿಯುತ್ತದೆ. ಮೇಲೆ ಗಳಿಸಿದ ದೂರ ಅಲ್ಲಿಗೆ ಹೋಯಿತು. ಸುಮ್ನೆ ಕೂತ ಹಕ್ಕಿಗೆ ಟ್ರೈಪಾಡ್ ಇಟ್ಟು 1/250ರಲ್ಲೇ ತೆಗೆಯಿರಿ.

ಹಾಗಾಗಿ ಕೊಳ್ಳುವ ಮುಂಚೆ ನಿಮ್ಮ ಹಳೆಯ ಫೋಟೋಗಳನ್ನು ಒಮ್ಮೆ ತೆರೆದು ನೋಡಿ. ಹೆಚ್ಚಿನ ಹಕ್ಕಿಗಳು ಎಷ್ಟು ದೂರದಲ್ಲಿದ್ದವು? ಹತ್ತು ಹದಿನೈದು ಮೀಟರ್ ಆದರೆ ಮಧ್ಯಮ ಫ್ಲ್ಯಾಶೇ ಸಾಕು. ಅಂಕಿಗಿಂತ ನಾನು ಮೊದಲು ನೋಡುವುದು ಮತ್ತೆ ಚಾರ್ಜ್ ಆಗಲು ಎಷ್ಟು ಹೊತ್ತು ಅಂತ. ಹಕ್ಕಿ ತಲೆ ತಿರುಗಿಸುವುದಕ್ಕೂ ಫ್ಲ್ಯಾಶ್ ಚಾರ್ಜ್ ಆಗುತ್ತಿರುವುದಕ್ಕೂ ಸರಿಹೋಗಿ ಎಷ್ಟು ಸಲ ಹೊಟ್ಟೆ ಉರಿದಿದೆಯೋ! ಗೋಡಾಕ್ಸ್ ವಿ860-2ರ ಲಿಥಿಯಂ ಬ್ಯಾಟರಿಯಲ್ಲಿ ಫುಲ್ ಪವರ್ ನಂತರವೂ ಸುಮಾರು ಒಂದೂವರೆ ಸೆಕೆಂಡ್ ಸಾಕು. ನಾಲ್ಕು ಎಎ ಸೆಲ್ ಹಾಕುವ ಫ್ಲ್ಯಾಶ್ ಆದರೆ ಒಳ್ಳೆಯ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳನ್ನೇ ಹಾಕಿ. ನಿಮ್ಮ ಕ್ಯಾಮೆರಾ ಕಂಪನಿಗೆ ಹೊಂದುವ ಟಿಟಿಎಲ್ (ಲೆನ್ಸಿನ ಮೂಲಕ ಬೆಳಕು ಅಳೆದು ಫ್ಲ್ಯಾಶಿನ ಶಕ್ತಿಯನ್ನು ತಾನೇ ಹೊಂದಿಸುವ ವ್ಯವಸ್ಥೆ) ಇರುವ ಮಾದರಿಯನ್ನೇ ತಗೊಳ್ಳಿ. ಒಂದು ಕಂಪನಿಯ ಟಿಟಿಎಲ್ ಇನ್ನೊಂದಕ್ಕೆ ಹೊಂದುವುದಿಲ್ಲ.

ಉಳಿದ ಹಣದಲ್ಲಿ ಫ್ಲ್ಯಾಶನ್ನು ಕ್ಯಾಮೆರಾದಿಂದ ಮೇಲೆತ್ತಿ ಹಿಡಿಯುವ ಒಂದು ಬ್ರಾಕೆಟ್ ಮತ್ತು ಕೇಬಲ್ ತಗೊಳ್ಳಿ. ಫ್ಲ್ಯಾಶ್ ಲೆನ್ಸಿನ ನೇರಕ್ಕೇ ಇದ್ದರೆ ಬೆಳಕು ಹಕ್ಕಿಯ ಕಣ್ಣಿನ ಹಿಂಪದರಕ್ಕೆ ತಾಗಿ ವಾಪಸ್ ಬರುತ್ತದೆ, ಕಣ್ಣು ಲೋಹದ ಗುಂಡಿನ ಹಾಗೆ ಕಾಣುತ್ತದೆ. ಒಂದು ಗೇಣು ಮೇಲೆತ್ತಿದರೂ ತುಂಬಾ ವ್ಯತ್ಯಾಸ.

ಪ್ರಶ್ನೆ: ಹೂವಿನ ಮುಂದೆ ರೆಕ್ಕೆ ಬಡಿಯುತ್ತಾ ನಿಲ್ಲುವ ಸೂರಕ್ಕಿಯನ್ನು ರೆಕ್ಕೆ ಮಸುಕಾಗದ ಹಾಗೆ ತೆಗೆಯಲು ದೊಡ್ಡ ಫ್ಲ್ಯಾಶ್ ಬೇಕೇ?

ಉತ್ತರ: ಶಕ್ತಿ ಏರಿಸಿದಷ್ಟೂ ಮಸುಕು ಜಾಸ್ತಿ. ಫ್ಲ್ಯಾಶಿನ ಮಿಂಚು ಎಷ್ಟು ಚಿಕ್ಕದೋ ರೆಕ್ಕೆ ಅಷ್ಟು ನಿಲ್ಲುತ್ತದೆ. ನಿಕಾನ್ ಎಸ್‌ಬಿ-900ನ್ನೇ ನೋಡಿ. ಫುಲ್ ಪವರ್‌ನಲ್ಲಿ ಅದರ ಮಿಂಚು ಸೆಕೆಂಡಿನ 1/880, 1/16 ಪವರ್‌ನಲ್ಲಿ 1/10,000, 1/128ರಲ್ಲಿ 1/38,500. ಎಂಐಟಿಯ ಹೆರಾಲ್ಡ್ ಎಡ್ಜರ್ಟನ್ 1930ರ ದಶಕದಲ್ಲೇ ಹಮ್ಮಿಂಗ್‌ಬರ್ಡ್‌ನ ರೆಕ್ಕೆ ನಿಲ್ಲಿಸಿದ್ದು ಇಂಥ ಚಿಕ್ಕ ಮಿಂಚಿನಿಂದಲೇ. ಒಂದು ದೊಡ್ಡದರ ಬದಲು ಎರಡು ಮೂರು ಸಾಧಾರಣ ಫ್ಲ್ಯಾಶ್‌ಗಳನ್ನು 1/16ರಲ್ಲಿಟ್ಟು ಹೂವಿನ ಹತ್ತಿರ ನಿಲ್ಲಿಸಿ. ನೆರಳಿನ ಜಾಗ ಆರಿಸಿ. ಬಿಸಿಲಿದ್ದರೆ ಅದೂ ರೆಕ್ಕೆಯನ್ನು ಬರೆಯುತ್ತದೆ, ಸ್ಪಷ್ಟ ರೆಕ್ಕೆಯ ಸುತ್ತ ಮಸುಕು ನೆರಳು ಬರುತ್ತದೆ. ಗೂಡಿನ ಹತ್ತಿರ ಮಾತ್ರ ಇದೇನೂ ಬೇಡ. ರಾತ್ರಿ ಗೂಬೆಗೂ ಬೇಡ, ಅದು ಕತ್ತಲಿಗೆ ಹೊಂದಿಸಿಕೊಂಡ ಕಣ್ಣಿನಿಂದ ಬೇಟೆ ಹುಡುಕುತ್ತಿರುತ್ತದೆ.

ಪ್ರಶ್ನೆ: ಫ್ಲ್ಯಾಶಿನ ಮುಂದೆ ಕಟ್ಟುವ ಫ್ರೆನೆಲ್ ಹಾಳೆಯ ಎಕ್ಸ್‌ಟೆಂಡರ್ ಪ್ರಯೋಜನವೇ?

ಉತ್ತರ: ಖಂಡಿತ. ಅದು ಬೆಳಕನ್ನು ಕಿರಿದು ಮಾಡಿ ದೂರ ಕಳಿಸುವ ತೆಳು ಲೆನ್ಸ್ ಹಾಳೆ. ಹೆಚ್ಚುಕಡಿಮೆ ಎರಡು ಸ್ಟಾಪ್ ಹೆಚ್ಚು ಬೆಳಕು ಸಿಗುತ್ತದೆ. ದೂರದ ಹಕ್ಕಿಗೆ ದೊಡ್ಡ ಫ್ಲ್ಯಾಶ್ ಕೊಳ್ಳುವ ಮುಂಚೆ ಇದನ್ನು ಕೊಳ್ಳಿ. ಆದರೆ ಅದು ಭೂತಗನ್ನಡಿ ಅನ್ನುವುದು ಮರೆಯಬೇಡಿ. ನಾನು ಒಮ್ಮೆ ಬಿಸಿಲಿಗೆ ಮುಖ ಮಾಡಿ ಕ್ಯಾಮೆರಾ ಇಟ್ಟು ನೀರು ಕುಡಿಯಲು ಹೋಗಿದ್ದೆ. ಬಂದು ನೋಡಿದರೆ ಫ್ಲ್ಯಾಶಿನ ಪ್ಲಾಸ್ಟಿಕ್ ಮೇಲೆ ಕಡಲೆಕಾಳಿನಷ್ಟು ಕರಗಿತ್ತು. ತೆಗೆಯದೇ ಇರುವಾಗ ಹಾಳೆ ಮಡಚಿಡಿ, ಇಲ್ಲವೇ ಮೇಲೆ ಒಂದು ಬಟ್ಟೆ ಹೊದಿಸಿ.