ಜೋಡಿ ಪಾರಿವಾಳ ಸಾಕಾಗಿತ್ತು

ಪ್ರಿಯ ಸೋದರಿಯವರಿಗೆ,

ನಿಮ್ಮ ನಾಲ್ಕು ಪುಟದ ಪತ್ರವನ್ನು ಎರಡು ಸಲ ಓದಿದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಬೇರೆ ಓದುಗರಿಗೂ ತಿಳಿಯಲಿ ಎಂದು ವಿಷಯವನ್ನು ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ. ಹೋದ ಕ್ರಿಸ್ಮಸ್‌ಗೆ ಉಡುಗೊರೆ, ಹೊಸ ಬಟ್ಟೆ, ಅಲಂಕಾರ ಎಲ್ಲವನ್ನೂ ಕ್ರೆಡಿಟ್ ಕಾರ್ಡ್‌ನಲ್ಲಿ ತಂದಿರಿ. ಅಂದಿನಿಂದ ತಿಂಗಳು ತಪ್ಪದೆ ಮಿನಿಮಮ್ ಡ್ಯೂ, ಅಂದರೆ ಬ್ಯಾಂಕ್ ಆ ತಿಂಗಳು ಕಟ್ಟಲೇಬೇಕು ಎನ್ನುವ ಕನಿಷ್ಠ ಮೊತ್ತವನ್ನು ಮಾತ್ರ ಕಟ್ಟುತ್ತಿದ್ದೀರಿ, ಆದರೂ ಸಾಲ ಕರಗಿಲ್ಲ. ಈ ಸಲ ಅತ್ತೆ, ಭಾವನವರ ಸಂಸಾರ, ನಾದಿನಿಯ ಸಂಸಾರ ಎಲ್ಲರೂ ನಿಮ್ಮ ಮನೆಗೇ ಬರುತ್ತಿದ್ದಾರೆ. ಭಾವನವರು ಪ್ರತಿ ವರ್ಷ ದುಬಾರಿ ಉಡುಗೊರೆ ಕೊಡುತ್ತಾರೆ. ‘ಅಷ್ಟೇ ಬೆಲೆಯದ್ದು ವಾಪಸ್ ಕೊಡದಿದ್ದರೆ ನಮ್ಮವರ ಮುಖ ಸಣ್ಣದಾಗುತ್ತದೆ. ಇನ್ನೊಂದು ಚಿಕ್ಕ ಸಾಲ ತೆಗೆದುಬಿಡಲಾ?’ ಎಂದು ಕೇಳಿದ್ದೀರಿ. ಕೊನೆಯ ಸಾಲು ಹೀಗಿದೆ: ‘ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಮಾತ್ರ ಹೇಳಬೇಡಿ, ಕೇಳಿ ಕೇಳಿ ಸಾಕಾಗಿದೆ.’

ಹೇಳುವುದಿಲ್ಲ. ಆದರೆ ಸಾಲ ತೆಗೆಯಬೇಡಿ ಎಂದು ಮಾತ್ರ ಹೇಳಲೇಬೇಕು. ಯಾಕೆಂದು ನೀವು ಕೊಟ್ಟ ಲೆಕ್ಕದಿಂದಲೇ ತೋರಿಸುತ್ತೇನೆ.

ನಿಮ್ಮ ಕಾರ್ಡ್‌ನ ಬಡ್ಡಿ ತಿಂಗಳಿಗೆ ಶೇ. 3, ಮಿನಿಮಮ್ ಡ್ಯೂ ಬಾಕಿಯ ಶೇ. 5 ಎಂದು ಬರೆದಿದ್ದೀರಿ. ಶೇ. 3 ಕೇಳಲು ಚಿಕ್ಕದು. ಚಕ್ರಬಡ್ಡಿ ಸೇರಿದರೆ ವರ್ಷಕ್ಕೆ ಶೇ. 42 ದಾಟುತ್ತದೆ. ಸಾಲ ನೂರು ಎಂದು ಇಟ್ಟುಕೊಳ್ಳಿ. ಹೊಸದಾಗಿ ಏನನ್ನೂ ಕೊಳ್ಳದೆ, ಒಂದು ವರ್ಷ ಮಿನಿಮಮ್ ಡ್ಯೂ ಮಾತ್ರ ಕಟ್ಟಿದರೆ ನಿಮ್ಮ ಕೈಯಿಂದ ಸುಮಾರು 55 ಹೋಗಿರುತ್ತದೆ. ಬಾಕಿ ಇನ್ನೂ 77 ಇರುತ್ತದೆ! ಕಟ್ಟಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಬಡ್ಡಿಗೇ ಹೋಯಿತು. ‘ಎಷ್ಟು ಕಟ್ಟಿದರೂ ಅಲ್ಲೇ ಇದೆ’ ಎಂದು ನೀವು ಬರೆದದ್ದು ನಿಮ್ಮ ಭ್ರಮೆಯಲ್ಲ.

ಇದಕ್ಕೊಂದು ದಾರಿ ಇದೆ. ಬಾಕಿ ಕಡಿಮೆಯಾದಂತೆ ಮಿನಿಮಮ್ ಡ್ಯೂ ಕೂಡ ಕಡಿಮೆಯಾಗುತ್ತಾ ಹೋಗುತ್ತದೆ, ಹಾಗಾಗಿಯೇ ಸಾಲ ಎಳೆದುಕೊಂಡು ಹೋಗುವುದು. ನೀವು ಇವತ್ತಿನ ಬಾಕಿಯ ಹತ್ತನೇ ಒಂದು ಭಾಗ ಎಷ್ಟೆಂದು ಬರೆದುಕೊಳ್ಳಿ. ತಿಂಗಳು ತಿಂಗಳೂ ಅದೇ ಮೊತ್ತ ಕಟ್ಟಿ, ಕಡಿಮೆ ಮಾಡಬೇಡಿ. ಇದೇ ಬಡ್ಡಿಯಲ್ಲೂ ಸುಮಾರು 12 ತಿಂಗಳಲ್ಲಿ ಸಾಲ ತೀರುತ್ತದೆ. ಅಷ್ಟು ದಿನ ಆ ಕಾರ್ಡ್‌ನಲ್ಲಿ ಏನೂ ಕೊಳ್ಳಬೇಡಿ. ಹಳೆ ಬಾಕಿ ಇದ್ದಾಗ ಸಾಮಾನ್ಯವಾಗಿ ಹೊಸ ಖರೀದಿಗೆ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ ಓಡಲು ಶುರುವಾಗುತ್ತದೆ. ಕಾರ್ಡ್‌ನಿಂದ ನಗದು ತೆಗೆಯುವುದಂತೂ ಬೇಡವೇ ಬೇಡ. ‘ಈಗ ಕೊಳ್ಳಿ, ಆಮೇಲೆ ಕೊಡಿ’ ಎನ್ನುವ ಕಂತುಗಳ ಬಗ್ಗೆಯೂ ಕೇಳಿದ್ದೀರಿ. ಒಂದೊಂದು ಕಂತೂ ಚಿಕ್ಕದಾಗಿ ಕಾಣುತ್ತದೆ. ಐದು ಕಡೆ ಐದು ಕಂತು ಆದಾಗ ಯಾವ ತಾರೀಕಿಗೆ ಯಾರಿಗೆ ಕೊಡಬೇಕು ಎನ್ನುವುದೇ ತಲೆನೋವಾಗುತ್ತದೆ.

ಇಷ್ಟು ಲೆಕ್ಕ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಲೆಕ್ಕವಲ್ಲ, ‘ಮುಖ ಸಣ್ಣದಾಗುತ್ತದೆ’ ಎನ್ನುವ ಮಾತು.

ನೀವು ಪ್ರತಿ ಭಾನುವಾರ ಚರ್ಚ್‌ಗೆ ಹೋಗುವವರು, ಬೈಬಲಿನ ಲೂಕನ ಸುವಾರ್ತೆಯ ಎರಡನೇ ಅಧ್ಯಾಯ ನಿಮಗೆ ಬಾಯಿಪಾಠ ಇರಬಹುದು. ಗೋದಲಿ, ಕುರುಬರು, ದೇವದೂತರು ಎಲ್ಲರಿಗೂ ನೆನಪಿರುತ್ತಾರೆ. ಅದೇ ಅಧ್ಯಾಯದ 24ನೇ ವಚನದ ಹತ್ತಿರ ಒಂದು ಗಳಿಗೆ ನಿಲ್ಲಿ. ಮರಿಯಳು, ಯೋಸೇಫ ಮಗು ಯೇಸುವನ್ನು ಎತ್ತಿಕೊಂಡು ಯೆರೂಸಲೇಮಿನ ದೇವಾಲಯಕ್ಕೆ ಹೋಗುತ್ತಾರೆ. ಅಲ್ಲಿ ಕಾಣಿಕೆ ಅರ್ಪಿಸಬೇಕು. ಒಂದು ಜೋಡಿ ಬೆಳವಕ್ಕಿ ಇಲ್ಲವೇ ಎರಡು ಪಾರಿವಾಳದ ಮರಿ ಎಂದು ಲೂಕ ಬರೆಯುತ್ತಾನೆ. ಇದರ ಅರ್ಥ ಬೈಬಲಿನ ಹಳೆಯ ಒಡಂಬಡಿಕೆಯ ಯಾಜಕಕಾಂಡದ 12ನೇ ಅಧ್ಯಾಯದಲ್ಲಿದೆ. ಹೆತ್ತ ತಾಯಿ ಕುರಿಮರಿಯನ್ನೂ ಒಂದು ಹಕ್ಕಿಯನ್ನೂ ತರಬೇಕು. ಕುರಿಮರಿ ತರುವ ಶಕ್ತಿ ಇಲ್ಲದವಳು ಎರಡು ಹಕ್ಕಿ ತಂದರೆ ಸಾಕು. ಅಂದರೆ ಅವರು ಕೊಟ್ಟದ್ದು ಬಡವರಿಗೆ ಎಂದು ಗೊತ್ತು ಮಾಡಿದ್ದ ಕಾಣಿಕೆ. ಕುರಿಮರಿಗಾಗಿ ಅವರು ಯಾರ ಹತ್ತಿರವೂ ಕೈಯೊಡ್ಡಲಿಲ್ಲ. ಕೈಯಲ್ಲಿದ್ದದ್ದನ್ನು ಎಲ್ಲರ ಎದುರೇ ಕೊಟ್ಟು ಬಂದರು. ಆ ಹುಟ್ಟನ್ನು ಆಚರಿಸಲು ನೀವು ಸಾಲ ಮಾಡಬೇಕೇ?

ಇದನ್ನು ನಿಮ್ಮವರಿಗೂ ಓದಿ ಹೇಳಿ. ಯಾಕೆಂದರೆ ಮುಂದಿನ ಕೆಲಸ ಅವರದ್ದು. ಭಾವನವರ ಹತ್ತಿರ ಮಾತಾಡಬೇಕಾದವರು ನೀವಲ್ಲ, ಅವರ ತಮ್ಮ. ಸೊಸೆ ಹೇಳಿದರೆ ದೂರು ಎನಿಸುತ್ತದೆ, ತಮ್ಮ ಹೇಳಿದರೆ ಮನೆಯ ಮಾತಾಗುತ್ತದೆ. ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕುವುದು ಬೇಡ, ಅಲ್ಲಿ ಯಾರೋ ಒಂದು ಮಾತು ಅಂದರೆ ಎಲ್ಲರೂ ಓದುತ್ತಾರೆ. ಫೋನ್ ಮಾಡಲಿ. ಅಣ್ಣ ಅಂಗಡಿಗೆ ಹೋಗುವ ಮುಂಚೆಯೇ ಮಾಡಲಿ. ಕ್ರಿಸ್ಮಸ್‌ಗೆ ಸಿದ್ಧರಾಗುವ ವಾರಗಳಾದ ಅಡ್ವೆಂಟ್‌ನ ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಬರುತ್ತದೆ, ಅಷ್ಟರೊಳಗೆ ಮಾತು ಮುಗಿದಿರಲಿ. ಅವರು ಉಡುಗೊರೆ ತಂದಾದ ಮೇಲೆ ಹೇಳಿದರೆ ಇಬ್ಬರಿಗೂ ಮುಜುಗರ.

ಏನು ಹೇಳಬೇಕು? ಸುತ್ತಿ ಬಳಸಬೇಡಿ. ‘ಅಣ್ಣಾ, ಹೋದ ವರ್ಷದ ಕಾರ್ಡ್ ಸಾಲ ಇನ್ನೂ ತೀರಿಲ್ಲ. ಈ ಸಲ ಮತ್ತೆ ಸಾಲ ಮಾಡುವುದಿಲ್ಲ ಎಂದು ತೀರ್ಮಾನ ಮಾಡಿದ್ದೇವೆ. ನೀವೆಲ್ಲ ನಮ್ಮ ಮನೆಗೆ ಬರಲೇಬೇಕು. ಆದರೆ ದೊಡ್ಡವರು ದೊಡ್ಡವರಿಗೆ ಉಡುಗೊರೆ ಕೊಡುವುದನ್ನು ಬಿಟ್ಟುಬಿಡೋಣವಾ?’ ಇಷ್ಟೇ ಸಾಕು. ‘ಸ್ವಲ್ಪ ಕಷ್ಟದಲ್ಲಿದ್ದೇವೆ’ ಎಂದು ಅರ್ಧ ಹೇಳಿ ನಿಲ್ಲಿಸಿದರೆ, ಅಣ್ಣ ನೊಂದುಕೊಂಡು ಇನ್ನೂ ದೊಡ್ಡ ಉಡುಗೊರೆ ತಂದಾರು.

ಅಣ್ಣ ಬೇಸರ ಮಾಡಿಕೊಂಡರೆ ಎಂಬ ಭಯ ಇದೆ, ಅಲ್ವಾ? ನನ್ನದೇ ಒಂದು ಅನುಭವ ಹೇಳುತ್ತೇನೆ. ಬಹಳ ವರ್ಷದ ಹಿಂದೆ ನನ್ನ ಚಿಕ್ಕಪ್ಪನ ಮಗ ಹಬ್ಬಕ್ಕೆ ನನಗೊಂದು ಒಳ್ಳೆಯ ಕೈಗಡಿಯಾರ ಕೊಟ್ಟ. ಖುಷಿಯಿಂದ ಕಟ್ಟಿಕೊಂಡು ಓಡಾಡಿದೆ. ಆರು ತಿಂಗಳಾದ ಮೇಲೆ ಗೊತ್ತಾಯಿತು, ಅವನು ಅದನ್ನು ತಂದದ್ದು ಸಾಲದಲ್ಲಿ, ಆ ಸಾಲಕ್ಕಾಗಿ ಅವರ ಮನೆಯಲ್ಲಿ ಜಗಳವೂ ಆಗಿತ್ತು. ಆಮೇಲೆ ಅದನ್ನು ಕಟ್ಟಿಕೊಳ್ಳಲು ನನಗೆ ಕೈ ಬರಲಿಲ್ಲ. ನನಗೆ ಗಡಿಯಾರ ಬೇಕಿರಲಿಲ್ಲ, ಅವನು ನೆಮ್ಮದಿಯಾಗಿದ್ದರೆ ಸಾಕಿತ್ತು. ನಿಮ್ಮ ಭಾವನವರೂ ಹಾಗೇ ಯೋಚಿಸುವವರು ಎಂದು ನಿಮ್ಮ ಪತ್ರ ಓದಿದರೆ ಅನಿಸುತ್ತದೆ. ತಮ್ಮನ ಮಕ್ಕಳ ಫೀಸು ಕಟ್ಟಿದವರು ಅವರೇ ತಾನೇ?

ಉಡುಗೊರೆಗಳನ್ನು ಪೂರ್ತಿ ಬಿಡಲು ಯಾರಿಗಾದರೂ ಮನಸ್ಸಿಲ್ಲದಿದ್ದರೆ ಚೀಟಿ ಎತ್ತಿ. ನಿಮ್ಮಲ್ಲಿ ದೊಡ್ಡವರು ಏಳು ಜನ. ಎಲ್ಲರೂ ಎಲ್ಲರಿಗೂ ಕೊಟ್ಟರೆ 42 ಉಡುಗೊರೆ. ಒಬ್ಬೊಬ್ಬರು ಒಂದೊಂದು ಹೆಸರಿನ ಚೀಟಿ ಎತ್ತಿ ಅವರಿಗೆ ಮಾತ್ರ ಕೊಟ್ಟರೆ ಏಳೇ. ಚೀಟಿ ಎತ್ತುವ ಮೊದಲೇ ಇಷ್ಟು ಬೆಲೆ ದಾಟಬಾರದು ಎಂದು ಮಾತಾಡಿಕೊಳ್ಳಿ, ಆ ಬೆಲೆಯನ್ನು ನಿಮ್ಮಲ್ಲಿ ಅತಿ ಕಡಿಮೆ ಸಂಬಳದವರು ಹೇಳಲಿ. ಇದರಿಂದ ಹಣ ಉಳಿಯುವುದಷ್ಟೇ ಅಲ್ಲ. 1993ರಲ್ಲಿ ಜೋಯಲ್ ವಾಲ್ಡ್‌ಫೊಗೆಲ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ತಮ್ಮ ವಿದ್ಯಾರ್ಥಿಗಳನ್ನು ಕೇಳಿ ಒಂದು ಲೆಕ್ಕ ಹಾಕಿದರು. ಬಂದ ಉಡುಗೊರೆಗೆ ನಿಮ್ಮ ಲೆಕ್ಕದಲ್ಲಿ ಎಷ್ಟು ಬೆಲೆ ಎಂದು ಕೇಳಿದಾಗ, ಕೊಟ್ಟವರು ತೆತ್ತ ಹಣಕ್ಕಿಂತ ಹತ್ತನೇ ಒಂದು ಭಾಗದಿಂದ ಮೂರನೇ ಒಂದು ಭಾಗದವರೆಗೆ ಕಡಿಮೆ ಬಂತು. ಹತ್ತಿರದ ಗೆಳೆಯರು ಕೊಟ್ಟದ್ದರಲ್ಲಿ ನಷ್ಟ ಕಡಿಮೆ, ದೂರದ ನೆಂಟರು ಕೊಟ್ಟದ್ದರಲ್ಲಿ ಜಾಸ್ತಿ. ಕಾರಣ ಸುಲಭ. ಹತ್ತಿರದವರಿಗೆ ನಮಗೇನು ಬೇಕೆಂದು ಗೊತ್ತಿರುತ್ತದೆ. ಆರು ಜನರ ಬಗ್ಗೆ ಗಡಿಬಿಡಿಯಲ್ಲಿ ಯೋಚಿಸುವುದಕ್ಕಿಂತ ಒಬ್ಬರ ಬಗ್ಗೆ ನಿಧಾನವಾಗಿ ಯೋಚಿಸಿ ಕೊಡುವುದು ಮೇಲು.

ಅಡುಗೆಯ ಭಾರ ಹಂಚಿಕೊಳ್ಳಿ. ಒಂದೊಂದು ಮನೆಯವರು ಒಂದೊಂದು ಮಾಡಿ ತರಲಿ. ಅಲಂಕಾರಕ್ಕೆ ಹಳೆಯ ಪೆಟ್ಟಿಗೆಯಲ್ಲಿ ಇರುವುದೇ ಸಾಕು. ಗೋದಲಿ ಹೊಸದಾಗಿ ಕೊಳ್ಳಬೇಕು ಎಂದು ಬರೆದಿದ್ದೀರಿ. ಬೇಡ, ಮಕ್ಕಳ ಕೈಯಲ್ಲಿ ಮಾಡಿಸಿ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಸಂತ ಫ್ರಾನ್ಸಿಸ್ ಗೋದಲಿಯ ದೃಶ್ಯ ಮಾಡಿದಾಗ ಅಲ್ಲಿದ್ದದ್ದು ಹುಲ್ಲು, ಒಂದು ಎತ್ತು, ಒಂದು ಕತ್ತೆ.

ಮಕ್ಕಳ ವಿಷಯಕ್ಕೆ ಬರುತ್ತೇನೆ. ಮಗಳು ಹತ್ತು ವರ್ಷದವಳು, ಮಗ ಆರು. ‘ನಮ್ಮ ಹತ್ತಿರ ದುಡ್ಡಿಲ್ಲ’ ಎಂದು ಹೇಳಬೇಡಿ, ಮಕ್ಕಳು ರಾತ್ರಿ ಹೆದರಿ ಮಲಗುತ್ತಾರೆ. ‘ಈ ಸಲ ಹಬ್ಬಕ್ಕೆ ಇಷ್ಟು ಇಟ್ಟಿದ್ದೇವೆ, ಇದರಲ್ಲಿ ನಿನಗೆ ಎಲ್ಲಕ್ಕಿಂತ ಬೇಕಾದ ಒಂದು ಯಾವುದು?’ ಎಂದು ಮಗಳನ್ನು ಕೇಳಿ. ಹತ್ತು ವರ್ಷದ ಹುಡುಗಿಗೆ ಅದು ಚೆನ್ನಾಗಿ ಅರ್ಥವಾಗುತ್ತದೆ, ದೊಡ್ಡವರ ಹಾಗೆ ಕೇಳಿದರಲ್ಲ ಎಂದು ಹೆಮ್ಮೆಯೂ ಆಗುತ್ತದೆ. ಮಗ ಇನ್ನೂ ಸಾಂಟಾನನ್ನು ನಂಬುತ್ತಾನೆ ಎಂದಿದ್ದೀರಿ. ಸಾಂಟಾ ಹೆಸರಲ್ಲಿ ಚಿಕ್ಕದನ್ನು ಕೊಡಿ, ದೊಡ್ಡದನ್ನು ಅಪ್ಪ ಅಮ್ಮನ ಹೆಸರಲ್ಲಿ ಕೊಡಿ. ಭಾವನವರಿಗೂ ಅವರ ಮಕ್ಕಳ ವಿಷಯದಲ್ಲಿ ಹೀಗೇ ಮಾಡಲು ಹೇಳಿ. ಇಲ್ಲದಿದ್ದರೆ ‘ಸಾಂಟಾ ಅವರಿಗೆ ಯಾಕೆ ದೊಡ್ಡದು ಕೊಟ್ಟ, ನಾನೇನು ತಪ್ಪು ಮಾಡಿದೆ?’ ಎಂದು ನಿಮ್ಮ ಮಗ ಕೇಳಿದರೆ ಉತ್ತರ ಕೊಡುವುದು ಕಷ್ಟ.

ಇನ್ನು ಮುಂದಿನ ವರ್ಷ. ಜನವರಿಯಿಂದಲೇ ವಾರ ವಾರ ಸ್ವಲ್ಪ ಎತ್ತಿಡಿ, ಕಾರ್ಡ್ ಸಾಲದ ಕಂತು ಕಟ್ಟಿದ ಮೇಲೆ ಉಳಿದದ್ದರಲ್ಲಿ. ಇದಕ್ಕಾಗಿಯೇ 1909ರಲ್ಲಿ ಅಮೆರಿಕದ ಕಾರ್ಲೈಲ್ ಊರಿನ ಒಂದು ಬ್ಯಾಂಕ್ ಕ್ರಿಸ್ಮಸ್ ಕ್ಲಬ್ ಶುರು ಮಾಡಿತ್ತು. ಜನ ವರ್ಷವಿಡೀ ಚಿಕ್ಕ ಚಿಕ್ಕ ಮೊತ್ತ ಕಟ್ಟಿ, ಹಬ್ಬಕ್ಕೆ ಮುಂಚೆ ಒಟ್ಟಿಗೆ ಪಡೆಯುತ್ತಿದ್ದರು. ಹಣ ಎಲ್ಲಿಡುತ್ತೀರಿ ಎನ್ನುವುದರಲ್ಲಿ ಮಾತ್ರ ಎಚ್ಚರ ಇರಲಿ. 2006ರಲ್ಲಿ ಬ್ರಿಟನ್‌ನಲ್ಲಿ ಹಬ್ಬದ ಉಳಿತಾಯ ಸಂಗ್ರಹಿಸುತ್ತಿದ್ದ ಒಂದು ಕಂಪನಿ ಹಬ್ಬಕ್ಕೆ ಕೆಲವೇ ವಾರ ಇರುವಾಗ ಮುಳುಗಿತು. ಲಕ್ಷಕ್ಕೂ ಹೆಚ್ಚು ಕುಟುಂಬಗಳಿಗೆ ಹೊಡೆತ ಬಿತ್ತು, ಅವರಲ್ಲಿ ಹೆಚ್ಚಿನವರು ಕಷ್ಟಪಟ್ಟು ಕೂಡಿಟ್ಟವರು. ಆದ್ದರಿಂದ ನಿಮ್ಮ ಹೆಸರಿನ ಬ್ಯಾಂಕ್ ಖಾತೆಯಲ್ಲೇ ಇಡಿ.

ಅತ್ತೆಗೆ ಸಾಲದ ವಿಷಯ ಗೊತ್ತಾಗುವುದು ಬೇಡ ಎಂದಿದ್ದೀರಿ. ಅದು ನಿಮ್ಮಿಬ್ಬರ ತೀರ್ಮಾನ. ಆದರೆ ಅಣ್ಣತಮ್ಮಂದಿರು ಮಾತಾಡಿಕೊಂಡ ಮೇಲೆ ತಾಯಿಗೆ ಬೇರೆಯವರಿಂದ ತಿಳಿಯುವ ಬದಲು ಮಗನೇ ಹೇಳಿದರೆ ಒಳ್ಳೆಯದು ಎಂದು ನನಗನಿಸುತ್ತದೆ.

ಫೋನ್ ಮಾಡಿದ ಮೇಲೆ ಏನಾಯಿತು ಎಂದು ಖಂಡಿತ ಬರೆಯಿರಿ. ಭಾವನವರು ಬೇಸರ ಮಾಡಿಕೊಂಡರೂ ಬರೆಯಿರಿ, ಮುಂದೇನು ಎಂದು ಯೋಚಿಸೋಣ.

ಪ್ರೀತಿಯಿಂದ,
ಸಂಪಾದಕ