ತೀರಿಕೊಂಡ ದಿನ ಮೊದಲು ಬರೆದುಕೊಳ್ಳಿ

ಪ್ರಶ್ನೆ: ಮೇಡಂ, ನಾನು ಪುಣೆಯಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಓದುತ್ತಿದ್ದೇನೆ, ಈಗ ಎರಡನೇ ವರ್ಷ. ನಮ್ಮೂರು ವಿಜಯಪುರದ ಕಡೆ. ಉತ್ತರಾಧಿಕಾರದ ಪೇಪರ್ ಅಂದರೆ ನನಗೆ ಎದೆ ಢವಢವ. ಸೆಕ್ಷನ್‌ಗಳು ಬಾಯಿಪಾಠ ಆಗಿವೆ, ಒಂದನೇ ವರ್ಗದ ವಾರಸುದಾರರ ಪಟ್ಟಿ ನಿದ್ದೆಗಣ್ಣಲ್ಲೂ ಹೇಳುತ್ತೇನೆ. ಆದರೆ 'ಯಾರಿಗೆ ಎಷ್ಟು ಪಾಲು' ಅಂತ ಲೆಕ್ಕ ಕೊಟ್ಟರೆ ಎಲ್ಲಾ ಕಲಸಿಹೋಗುತ್ತದೆ. ಅಜ್ಜಿ ಬೇರೆ 'ಸತ್ತವರ ಲೆಕ್ಕ ಓದಬ್ಯಾಡ, ಅಪಶಕುನ' ಅಂತಾರೆ. ಹೇಗೆ ಓದಲಿ?
— ವಿದ್ಯಾರ್ಥಿನಿ, ಪಿಂಪ್ರಿ

ಉತ್ತರ: ತಂಗಿ, ಪಟ್ಟಿ ಬಾಯಿಗೆ ಬಂದಿರುವುದು ಒಳ್ಳೆಯದೇ. ಆದರೆ ನೀನು ಪಟ್ಟಿಯಿಂದ ಶುರು ಮಾಡುತ್ತಿದ್ದೀಯ ಅಂತ ಕಾಣುತ್ತದೆ, ತೊಡಕಿರುವುದು ಅಲ್ಲೇ. ಲೆಕ್ಕ ಕೈಗೆ ಬಂದ ಕೂಡಲೇ ಯಾರು ತೀರಿಕೊಂಡರು, ಯಾವ ದಿನ ತೀರಿಕೊಂಡರು, ಆಗ ಆ ಊರು ಯಾವ ಸೀಮೆಯಲ್ಲಿತ್ತು, ಇಷ್ಟನ್ನು ಹಾಳೆಯ ತಲೆಯ ಮೇಲೆ ಬರೆ. ಕೆಳಗೆ ವಂಶವೃಕ್ಷ ಎಳೆ. ಸೆಕ್ಷನ್ ಆಮೇಲೆ.

ನಿಮ್ಮ ಕಡೆಯದೇ ಉದಾಹರಣೆ ತಗೋ. ವಿಜಯಪುರದಲ್ಲಿ ಒಬ್ಬರು ಸ್ವಂತ ದುಡಿಮೆಯಲ್ಲಿ ಮನೆ ಕಟ್ಟಿಸಿ, ವೀಲುನಾಮೆ ಬರೆಯದೆ 1950ರಲ್ಲಿ ತೀರಿಕೊಂಡರು ಅನ್ನು. ಹೆಂಡತಿ, ಒಬ್ಬ ಮಗ, ಒಬ್ಬಳು ಮಗಳು. ಆಗ ವಿಜಯಪುರ ಇದ್ದದ್ದು ಮುಂಬಯಿ ರಾಜ್ಯದಲ್ಲಿ. ಹಾಗಾಗಿ ನೋಡಬೇಕಾದದ್ದು 1937ರ ಹಿಂದೂ ಸ್ತ್ರೀಯರ ಆಸ್ತಿ ಹಕ್ಕಿನ ಕಾಯಿದೆ. ಅದರಲ್ಲಿ ಹೆಂಡತಿಗೆ ಮಗನಷ್ಟೇ ಪಾಲು, ಆದರೆ ಬದುಕಿರುವ ತನಕ ಮಾತ್ರ, ಮಾರುವ ಹಕ್ಕು ಪೂರ್ತಿ ಇಲ್ಲ. ಮಗಳಿಗೆ ಏನೂ ಇಲ್ಲ. ಅದೇ ಮನುಷ್ಯ ಮೈಸೂರಿನವರಾಗಿದ್ದರೆ ಆ ಸಂಸ್ಥಾನದ 1933ರ ಬೇರೆಯೇ ಕಾಯಿದೆ ತೆರೆಯಬೇಕು. ಇನ್ನು ಅವರು 1956ರ ಜೂನ್ 17ರ ನಂತರ ತೀರಿಕೊಂಡಿದ್ದರೆ ಹಿಂದೂ ಉತ್ತರಾಧಿಕಾರ ಕಾಯಿದೆ ಬಂತು, ಹೆಂಡತಿ, ಮಗ, ಮಗಳು ಮೂವರಿಗೂ ಮೂರನೇ ಒಂದು ಪಾಲು. ನೋಡು, ಮನೆ ಅದೇ, ಮಕ್ಕಳು ಅವರೇ, ತಾರೀಖು ಬದಲಾಗಿದ್ದಕ್ಕೆ ಮಗಳು ಒಳಗೆ ಬಂದಳು.

ಇದು ಸ್ವಂತ ಸಂಪಾದನೆಯ ಮಾತು. ಪಿತ್ರಾರ್ಜಿತಕ್ಕೆ ಬಂದರೆ ಇನ್ನೊಂದು ತಾರೀಖೂ ಬೇಕು, ಆಸ್ತಿ ಪಾಲಾದ ದಿನ. 1994ರಲ್ಲಿ ಜೂನ್ 22ಕ್ಕೆ ಮಹಾರಾಷ್ಟ್ರ, ಜುಲೈ 30ಕ್ಕೆ ಕರ್ನಾಟಕ, ಒಂದರ ಬೆನ್ನಿಗೆ ಒಂದು ಹೆಣ್ಣುಮಕ್ಕಳಿಗೆ ಹುಟ್ಟುಹಕ್ಕು ಕೊಟ್ಟವು, ಆದರೆ ಅಷ್ಟರಲ್ಲಿ ಮದುವೆ ಆಗಿದ್ದವರನ್ನು ಹೊರಗಿಟ್ಟವು. 2005ರ ಸೆಪ್ಟೆಂಬರ್ 9ಕ್ಕೆ ಕೇಂದ್ರದ ತಿದ್ದುಪಡಿ ಬಂದು ಆ ಭೇದ ಹೋಯಿತು. ಅವತ್ತು ಅಪ್ಪ ಬದುಕಿರಬೇಕಾ ಅನ್ನುವ ಜಗಳ ಹದಿನೈದು ವರ್ಷ ನಡೆದು, 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 'ಬೇಕಿಲ್ಲ, ಹಕ್ಕು ಹುಟ್ಟಿನಿಂದಲೇ' ಅಂದಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಸರಿಯಾಗಿ ಪಾಲಾಗಿದ್ದರೆ ಮಾತ್ರ ಅದನ್ನು ಮುಟ್ಟುವಂತಿಲ್ಲ.

ಈ ಹುಟ್ಟುಹಕ್ಕಿಗೆ ಮೂಲವಾದ ಮಿತಾಕ್ಷರ ಅನ್ನುವ ಹಳೇ ಧರ್ಮಶಾಸ್ತ್ರ ಗ್ರಂಥ ಇದೆಯಲ್ಲ, ಅದನ್ನು ಬರೆದ ವಿಜ್ಞಾನೇಶ್ವರ ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಆಸ್ಥಾನದವನು, ನಮ್ಮ ಬಸವಕಲ್ಯಾಣ. ತರಗತಿಯಲ್ಲಿ ಆ ಹೆಸರು ಬಂದಾಗ ಬೆನ್ನು ನೆಟ್ಟಗೆ ಮಾಡಿ ಕೂತ್ಕೋ.

ಇನ್ನು ಅಜ್ಜಿ. ನಾನು ಓದುವಾಗ ಮಾಟುಂಗಾದ ಮನೆಯಲ್ಲಿ ಹಳೇ ಕ್ಯಾಲೆಂಡರಿನ ಹಿಂಬದಿಗೆ ನಮ್ಮದೇ ಮನೆತನದ ವಂಶವೃಕ್ಷ ಬರೆಯುತ್ತಿದ್ದೆ. ಗಂಡಸಿಗೆ ಚೌಕ, ಹೆಂಗಸಿಗೆ ಸುತ್ತು, ತೀರಿಕೊಂಡವರ ಮೇಲೊಂದು ಗೀಟು. ಮುತ್ತಜ್ಜ ತೀರಿಕೊಂಡ ಇಸವಿ ಯಾವ ಕಾಗದದಲ್ಲೂ ಸಿಗಲಿಲ್ಲ. ಅಮ್ಮ ಅಕ್ಕಿ ಆರಿಸುತ್ತಾ ಕೂತಿದ್ದವರು ತಲೆ ಎತ್ತದೆ 'ಭಾದ್ರಪದ ಬಹುಳ ದ್ವಾದಶಿ, ನಿನ್ನ ದೊಡ್ಡಣ್ಣ ಹುಟ್ಟುವ ಹಿಂದಿನ ವರ್ಷ' ಅಂದರು. ಅಷ್ಟು ಸಾಕಾಯಿತು. ಶ್ರಾದ್ಧ ಮಾಡುವ ಮನೆಗಳಲ್ಲಿ ಈ ತಾರೀಖುಗಳೆಲ್ಲ ಹೆಂಗಸರ ನೆನಪಿನಲ್ಲೇ ಇರುತ್ತವೆ. ನೀನೂ ಅಜ್ಜಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳು. ಊರಿನ ಪಹಣಿ, ಪೌತಿ ಖಾತೆ ಆದ ಕಾಗದ ತರಿಸು. ದಿನಕ್ಕೊಬ್ಬರ ಪಾಲು ಬಿಡಿಸು. ಹದಿನೈದು ದಿನ ಮಾಡಿದರೆ ಪರೀಕ್ಷೆಯ ಲೆಕ್ಕ ಇಷ್ಟು ಹೆದರಿಸುವುದಿಲ್ಲ.

ಪ್ರಶ್ನೆ: ನಾನು ಕೊನೆ ವರ್ಷದ ಕಾನೂನು ವಿದ್ಯಾರ್ಥಿ. ನನ್ನ ಚಿಕ್ಕಮ್ಮ, ಅಮ್ಮನ ತಂಗಿ, ವಿಧವೆ. ಮಕ್ಕಳಿಲ್ಲ. ಇಲ್ಲಿನ ಫ್ಲ್ಯಾಟ್ ಅವರ ಸ್ವಂತ ಸಂಬಳದ್ದು. 'ನೀನೇ ಲಾಯರ್ ಆಗ್ತಿದ್ದೀಯಲ್ಲ, ನೀನೇ ವೀಲುನಾಮೆ ಬರಿ, ಫ್ಲ್ಯಾಟ್ ನಿನಗೇ' ಅಂತಾರೆ. ಸೊಸೈಟಿಯಲ್ಲಿ ನಾಮಿನಿಯೂ ನಾನೇ. ಕನ್ನಡದಲ್ಲಿ ಬರೆದರೆ ನಡೆಯುತ್ತದಾ?
— ಡೊಂಬಿವಲಿ

ಉತ್ತರ: ಕನ್ನಡದಲ್ಲಿ ಧಾರಾಳವಾಗಿ ಬರೆಯಬಹುದು. ಬಿಳಿ ಹಾಳೆ ಸಾಕು, ಸ್ಟ್ಯಾಂಪ್ ಬೇಡ, ನೋಂದಣಿ ಕಡ್ಡಾಯ ಅಲ್ಲ. ಆದರೆ ತಮ್ಮಾ, ನೀನು ಮಾತ್ರ ಬರೆಯಬೇಡ.

ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಾಜಮ್ಮ, 1959ರ ವರದಿಗಳಲ್ಲಿದೆ, ನಿನ್ನ ಸಿಲಬಸ್ಸಿನಲ್ಲೂ ಇರುತ್ತದೆ. ಮೈಸೂರಿನ ಕಡೆಯ ಪ್ರಕರಣ. ಲಕ್ಷ್ಮಮ್ಮ ಎನ್ನುವವರ 1945ರ ಉಯಿಲು. ಅದನ್ನು ಕೋರ್ಟಿಗೆ ತಂದವರೇ ಅದನ್ನು ಬರೆಸುವುದರಲ್ಲಿ ಮುಂದೆ ನಿಂತಿದ್ದರು, ಅವರ ಮಕ್ಕಳಿಗೇ ದೊಡ್ಡ ಲಾಭವೂ ಇತ್ತು. ಸಹಿ ಇದ್ದರೆ ಸಾಲದು, ಅನುಮಾನಕ್ಕೆ ಎಡೆ ಇದ್ದರೆ ಅದನ್ನು ನಿವಾರಿಸುವ ಹೊರೆ ಉಯಿಲು ತಂದವರದೇ ಅಂತ ಸುಪ್ರೀಂ ಕೋರ್ಟ್ ಹೇಳಿತು, ಆ ಉಯಿಲು ನಿಲ್ಲಲಿಲ್ಲ. ತೀರ್ಪು ಬರೆದವರು ನ್ಯಾಯಮೂರ್ತಿ ಗಜೇಂದ್ರಗಡ್ಕರ್, ಮನೆತನದ ಹೆಸರಲ್ಲೇ ನಮ್ಮ ಗಜೇಂದ್ರಗಡ ಇದೆ. ಇಡೀ ತೀರ್ಪು ಓದು, ಗೈಡ್ ಪುಸ್ತಕದ ನಾಲ್ಕು ಸಾಲು ಓದಿ ಬಿಡಬೇಡ. ಆಮೇಲೆ ನಿನ್ನನ್ನೇ ಕಟಕಟೆಯಲ್ಲಿ ನಿಲ್ಲಿಸಿಕೊಂಡು ನೋಡು: ಫ್ಲ್ಯಾಟ್ ಯಾರಿಗೆ? ನನಗೆ. ಬರೆದವರು ಯಾರು? ನಾನೇ.

ಹಾಗಂತ ಸುಮ್ನೆ ಕೂರುವುದೂ ಬೇಡ. ಚಿಕ್ಕಮ್ಮ ಏನೂ ಬರೆಯದೆ ಹೋದರೆ ಹಿಂದೂ ಉತ್ತರಾಧಿಕಾರ ಕಾಯಿದೆಯ 15ನೇ ಸೆಕ್ಷನ್ ಪ್ರಕಾರ ಫ್ಲ್ಯಾಟ್ ಹೋಗುವುದು ಅವರ ಗಂಡನ ವಾರಸುದಾರರಿಗೆ. 2009ರ ಓಂಪ್ರಕಾಶ್ ಪ್ರಕರಣದ ನಾರಾಯಣಿ ದೇವಿಗೆ ಆದದ್ದು ಇದೇ. ಮದುವೆಯಾದ ಮೂರು ತಿಂಗಳಲ್ಲಿ ಗಂಡ ಹಾವು ಕಚ್ಚಿ ತೀರಿಕೊಂಡರು. ಗಂಡನ ಮನೆಯವರು ಹೊರಗೆ ಹಾಕಿದರು. ತವರಿನವರು ಓದಿಸಿದರು, ಕೆಲಸ ಹಿಡಿದರು, 1996ರಲ್ಲಿ ಉಯಿಲು ಬರೆಯದೆ ತೀರಿಕೊಂಡರು. ಆಕೆಯ ಸ್ವಂತ ದುಡಿಮೆಯ ಹಣ ಹೆತ್ತ ತಾಯಿಗೆ ಸಿಗಲಿಲ್ಲ, ನಾದಿನಿಯ ಮಕ್ಕಳಿಗೆ ಹೋಯಿತು. ನಾನು ಪ್ರತಿ ವರ್ಷ ಇದನ್ನು ಪಾಠ ಮಾಡುತ್ತೇನೆ, ಪ್ರತಿ ವರ್ಷ ಹೊಟ್ಟೆ ಉರಿಯುತ್ತದೆ.

ನಾಮಿನಿ ಆಗಿರುವುದನ್ನು ನೆಚ್ಚಿಕೊಳ್ಳಬೇಡ. ಸೊಸೈಟಿಯ ನಾಮಿನಿ ವಾರಸುದಾರರು ಯಾರೆಂದು ತೀರ್ಮಾನ ಆಗುವ ತನಕ ನೋಡಿಕೊಳ್ಳುವವನು ಅಷ್ಟೇ. ಚಿಕ್ಕಮ್ಮ ಗುರುತಿಲ್ಲದ ವಕೀಲರ ಹತ್ತಿರ ತಾವೇ ಹೋಗಲಿ, ನೀನು ಬಾಗಿಲ ತನಕ ಬಿಟ್ಟು ಬಾ. ಸಾಕ್ಷಿಗಳು ಇಬ್ಬರು ಬೇಕು. ಚಿಕ್ಕಮ್ಮ ಸಹಿ ಹಾಕುವುದನ್ನು ಅವರು ಕಣ್ಣಾರೆ ನೋಡಿದರೆ ಒಳ್ಳೆಯದು, ಚಿಕ್ಕಮ್ಮನ ಎದುರಿಗೇ ತಾವೂ ಸಹಿ ಹಾಕುವುದಂತೂ ಕಡ್ಡಾಯ. ಒಳಗಿನ ವಿಷಯ ಅವರು ಓದಬೇಕಿಲ್ಲ, ಕನ್ನಡ ಬರಬೇಕೆಂದೂ ಇಲ್ಲ. ಮುಂದೆ ಅವರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕಾಗುತ್ತದೆ, ಅದಕ್ಕೇ ಚಿಕ್ಕಮ್ಮನಿಗಿಂತ ವಯಸ್ಸಿನಲ್ಲಿ ಚಿಕ್ಕವರನ್ನು, ವಿಳಾಸ ಗೊತ್ತಿರುವವರನ್ನು ಹುಡುಕಲಿ.

ಪ್ರಶ್ನೆ: ನಾವು ಬಂಟರು, ಊರು ಕಾರ್ಕಳ. ಮಗಳ ಪಠ್ಯದಲ್ಲಿ ಅಳಿಯಸಂತಾನಕ್ಕೆ ಎರಡೇ ಸಾಲು ಇದೆ. ಈಗ ಅದನ್ನು ಓದಿ ಏನಾದರೂ ಉಪಯೋಗ ಉಂಟಾ?
— ಭಾಂಡುಪ್

ಉತ್ತರ: ಉಂಟು. ಅಳಿಯಸಂತಾನ ಅಂದರೆ ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಕಟ್ಟು. ಹಿಂದೂ ಉತ್ತರಾಧಿಕಾರ ಕಾಯಿದೆಯ 7ನೇ ಸೆಕ್ಷನ್, 17ನೇ ಸೆಕ್ಷನ್ ಎರಡನ್ನೂ ಓದಲಿ, ಜೊತೆಗೆ 1949ರ ಮದರಾಸು ಅಳಿಯಸಂತಾನ ಕಾಯಿದೆಯನ್ನೂ. ಕವರು, ಅಂದರೆ ತಾಯಿಯ ಕಡೆಯ ಕುಟುಂಬದ ಕವಲು, ಅದರಲ್ಲಿನ ತಮ್ಮ ಪಾಲನ್ನು ಉಯಿಲು ಬರೆದು ಕೊಡುವ ದಾರಿಯನ್ನು 1956ರ ಕಾಯಿದೆ ತೆರೆಯಿತು. ಉಯಿಲು ಇಲ್ಲದಿದ್ದರೂ ವ್ಯತ್ಯಾಸ ದೊಡ್ಡದು. ಮೇಲಿನ ಪ್ರಶ್ನೆಯ ಚಿಕ್ಕಮ್ಮ ಅಳಿಯಸಂತಾನ ಕಟ್ಟಿನವರು, ಅವರ ತಂದೆತಾಯಿ ಈಗಿಲ್ಲ, ಅಕ್ಕನ ಹೊರತು ಬೇರೆ ಒಡಹುಟ್ಟಿದವರಿಲ್ಲ ಅಂತ ಇಟ್ಟುಕೊಳ್ಳಿ. ಆಗ 17ನೇ ಸೆಕ್ಷನ್ ಪ್ರಕಾರ ಗಂಡನ ವಾರಸುದಾರರು ಸಾಲಿನ ಕಟ್ಟಕಡೆಗೆ ಹೋಗುತ್ತಾರೆ, ತಾಯಿಯ ವಾರಸುದಾರರು ಅವರಿಗಿಂತ ಮುಂದೆ ಬರುತ್ತಾರೆ, ಅಂದರೆ ಫ್ಲ್ಯಾಟ್ ಆ ಹುಡುಗನ ಅಮ್ಮನಿಗೇ ಬರುತ್ತದೆ. ಮಗಳಿಗೆ ಈ ಲೆಕ್ಕ ಕೊಟ್ಟು ನೋಡಿ.